ಮೊದಲು ಪಾತ್ರೆ, ಆಮೇಲೆ ಕಪಾಟು

ಗೃಹಪ್ರವೇಶಕ್ಕೆ ಹೋದ ಮನೆಗಳಲ್ಲಿ ನಾನು ಮೊದಲು ನೋಡುವುದು ಅಡುಗೆಮನೆಯನ್ನೇ. ಇತ್ತೀಚಿನ ವರ್ಷಗಳಲ್ಲಿ ನೋಡಿದ ಒಂದೊಂದು ಅಡುಗೆಮನೆಯಿಂದಲೂ ಬೇಸರಪಟ್ಟುಕೊಂಡೇ ಹೊರಗೆ ಬಂದಿದ್ದೇನೆ. ಬಾಗಿಲುಗಳು ಥಳಥಳ ಹೊಳೆಯುತ್ತಿರುತ್ತವೆ, ಒಳಗೆ ತಟ್ಟೆ ನಿಲ್ಲಿಸುವ ತಂತಿಯ ಬುಟ್ಟಿ, ಲೋಟ ತೂಗುಹಾಕುವ ಕೊಕ್ಕೆ ಎಲ್ಲವೂ ಇರುತ್ತವೆ, ಆದರೆ ದಿನವೂ ಅನ್ನ ಬೇಯಿಸುವ ಕುಕ್ಕರಿಗೆ ಮಾತ್ರ ನೆಲೆ ಇರುವುದಿಲ್ಲ. ನನ್ನ ತಂಗಿಯ ಮಗಳು ಬೆಂಗಳೂರಿನ ತನ್ನ ಫ್ಲ್ಯಾಟಿಗೆ ಲಕ್ಷಗಟ್ಟಲೆ ಖರ್ಚು ಮಾಡಿ ಕಪಾಟು ಮಾಡಿಸಿದಳು. ಅವಳ ಇಡ್ಲಿ ಪಾತ್ರೆ ಯಾವ ಡ್ರಾಯರಿನೊಳಗೂ ಇಳಿಯದೆ ಇಂದಿಗೂ ಬಾಲ್ಕನಿಯಲ್ಲಿ ವಾಷಿಂಗ್ ಮೆಷಿನ್ನಿನ ಮೇಲೆ ಕುಳಿತಿದೆ. ಕಪಾಟು ಮಾಡಿದವರು ಬಣ್ಣದ ಚಿತ್ರ ತೋರಿಸಿದರು, ಇವಳು ಒಪ್ಪಿಕೊಂಡಳು. ನಿಮ್ಮ ಮನೆಯಲ್ಲಿ ಯಾವ ಯಾವ ಪಾತ್ರೆಗಳಿವೆ ಎಂದು ಅವರೂ ಕೇಳಲಿಲ್ಲ, ಇವಳೂ ಹೇಳಲಿಲ್ಲ. ಪಾತ್ರೆ ನಿರ್ಧಾರವಾಗದೆ ಕಪಾಟಿನ ಮಾತನ್ನು ಎತ್ತಲೇಬಾರದು ಎಂದು ನಾನು ಹೇಳುವುದು ಇದಕ್ಕಾಗಿಯೇ.

ಪಾತ್ರೆಗಳನ್ನು ಸೆಟ್ಟುಗಟ್ಟಲೆ ಕೊಳ್ಳಬೇಡಿ. ಸೆಟ್ಟಿನಲ್ಲಿ ಬರುವ ಅರ್ಧದಷ್ಟು ಪಾತ್ರೆಗಳು ಒಂದು ಹುಳಿಗೂ ಒದಗುವುದಿಲ್ಲ, ಒಂದು ಪಾಯಸಕ್ಕೂ ಒದಗುವುದಿಲ್ಲ. ನೀವು ಒಂದು ವಾರದಲ್ಲಿ ನಿಜವಾಗಿ ಏನೇನು ಬೇಯಿಸುತ್ತೀರಿ ಎಂಬುದನ್ನು ನೆನಪಿಸಿಕೊಂಡು ಅದಕ್ಕೆ ಬೇಕಾದಷ್ಟನ್ನು ಮಾತ್ರ ತನ್ನಿ. ನಾಲ್ಕು ಜನರ ಮನೆಗೆ 5 ಲೀಟರಿನ ಒಂದು ಕುಕ್ಕರ್, ಬೇಳೆ ತರಕಾರಿಗೆ ಅದಕ್ಕಿಂತ ಚಿಕ್ಕದೊಂದು, ದಪ್ಪ ತಳದ ಎರಡು ಪಾತ್ರೆ, ಒಂದು ಬಾಣಲೆ, ಎರಡು ಕಾವಲಿ ಇದ್ದರೆ ಅಡುಗೆ ನಡೆಯುತ್ತದೆ. ಕಾವಲಿ ಎರಡು ಏಕೆ ಎಂದು ಕೇಳುವವರು ಚಪಾತಿ ಬೇಯಿಸಿದ ಕಾವಲಿಯ ಮೇಲೆ ದೋಸೆ ಹುಯ್ದು, ಅದು ಕಿತ್ತು ಬರುವುದನ್ನು ಒಮ್ಮೆ ನೋಡಲಿ. ದೋಸೆಗೆ ಎರಕದ ಕಬ್ಬಿಣದ ಕಾವಲಿಯೇ ಬೇಕು; ಅದನ್ನು ಸೋಪಿನಲ್ಲಿ ನೆನೆಹಾಕಿ ಬಿಡದೆ, ಒರೆಸಿ, ಎಣ್ಣೆ ಸವರಿ ಇಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಬರುತ್ತದೆ. ನಾನ್‌ಸ್ಟಿಕ್ ಬೇಕೇ ಬೇಕು ಎನ್ನುವವರು ಅದನ್ನು ಬರಿದಾಗಿ ಉರಿಯ ಮೇಲಿಡಬಾರದು, ಸ್ಟೀಲ್ ಸೌಟು ತಾಗಿಸಬಾರದು, ಲೇಪ ಎದ್ದ ದಿನವೇ ಅದನ್ನು ಕೈಬಿಡಬೇಕು.

ಸ್ಟೀಲ್ ಕೊಳ್ಳುವಾಗ ಹೊಳಪಿಗೆ ಮರುಳಾಗದೆ ತಳವನ್ನು ನೋಡಿ. 304 ಎಂದು ಮುದ್ರೆಯಿರುವ ಉಕ್ಕಿನಲ್ಲಿ ನೂರಕ್ಕೆ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್ ಇರುವುದರಿಂದ ಹುಳಿ, ಉಪ್ಪು ಎರಡನ್ನೂ ಅದು ತಡೆಯುತ್ತದೆ. 202 ಎಂಬುದು ಅಗ್ಗ, ಅದರಲ್ಲಿ ನಿಕ್ಕಲ್ ಕಡಿಮೆ. ಅಯಸ್ಕಾಂತ ಹಿಡಿದರೆ ಸಾಕು, ಅಂಟದಿರುವುದೇ ಒಳ್ಳೆಯ ಸ್ಟೀಲ್ ಎಂದು ಗೊತ್ತಾಗುತ್ತದೆ ಎಂದು ಹೇಳುತ್ತಾರೆ. ಆ ಮಾತು ಪೂರ್ತಿ ನಿಜವಲ್ಲ, ಏಕೆಂದರೆ ಇಂಡಕ್ಷನ್ ಒಲೆಗೆಂದು ಮಾಡಿದ ಒಳ್ಳೆಯ ಪಾತ್ರೆಯ ತಳವೂ ಅಯಸ್ಕಾಂತಕ್ಕೆ ಅಂಟುತ್ತದೆ. ಕುಕ್ಕರಿನ ಮೇಲೆ ಐಎಸ್‌ಐ ಗುರುತು ಇಲ್ಲದಿದ್ದರೆ, ಎಷ್ಟೇ ಅಗ್ಗವಾಗಿ ಕೊಟ್ಟರೂ ಮನೆಗೆ ತರಬೇಡಿ.

ಈಗ ಹಿತ್ತಾಳೆ ಪಾತ್ರೆಯ ಹುಚ್ಚು ಮತ್ತೆ ಹಬ್ಬಿದೆ. ನಾನು ಹುಟ್ಟಿ ಬೆಳೆದ ತೀರ್ಥಹಳ್ಳಿಯ ಮನೆಯಲ್ಲಿ ಕೊಳದಪ್ಪಲೆಯಲ್ಲೇ ಅನ್ನವಾಗುತ್ತಿತ್ತು, ಆದ್ದರಿಂದ ಅದರ ರುಚಿ ನನಗೆ ಗೊತ್ತು. ಆದರೆ ಒಳಮೈಗೆ ತವರದ ಕಲಾಯಿ ಇಲ್ಲದ ಹಿತ್ತಾಳೆಯಲ್ಲಿ ಸಾರು ಕುದಿಸುವ ಹುಡುಗಿಯರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹುಣಸೆಹುಳಿ ತಾಮ್ರದ ಅಂಶವನ್ನು ಎಳೆದು ಸಾರನ್ನು ಕಿಲುಬು ಮಾಡುತ್ತದೆಯೆಂಬುದು ನಮ್ಮ ಕಾಲದಲ್ಲಿ ಮಕ್ಕಳಿಗೂ ತಿಳಿದಿತ್ತು. ಕಲಾಯಿಯವನು ಅಂಗಳದ ಮೂಲೆಯಲ್ಲಿ ಗುಳಿ ತೋಡಿ, ತಿದಿ ಒತ್ತಿ, ಕಾದ ಪಾತ್ರೆಯೊಳಗೆ ನವಸಾಗರ ಎರಚಿ, ತವರದ ಕಡ್ಡಿ ತಾಗಿಸಿ ಹತ್ತಿಯಿಂದ ಉಜ್ಜಿದರೆ ಬಿಳಿಯ ಹೊಗೆಯ ನಡುವೆ ಪಾತ್ರೆಯ ಒಳಮೈ ಬೆಳ್ಳಿಯಾಗಿಬಿಡುತ್ತಿತ್ತು. ತವರ 232 ಡಿಗ್ರಿಗೇ ಕರಗುವುದರಿಂದ ಕಲಾಯಿ ಹಾಕಿದ ಪಾತ್ರೆಯನ್ನು ಬರಿದಾಗಿ ಒಲೆಯ ಮೇಲಿಡುವಂತಿಲ್ಲ, ಅದರಲ್ಲಿ ಹುರಿಯುವಂತೆಯೂ ಇಲ್ಲ. ನಿಮ್ಮ ಊರಿನಲ್ಲಿ ಕಲಾಯಿ ಹಾಕುವವರು ಸಿಗದಿದ್ದರೆ ಹಿತ್ತಾಳೆಯ ಆಸೆಯನ್ನು ಬಿಟ್ಟು, ಗೊಜ್ಜು ಹುಳಿಗಳಿಗೆ ಬಳಪದ ಕಲ್ಲಿನ ಕಲ್ಚಟ್ಟಿಯನ್ನು ತನ್ನಿ. ಒಲೆ ಆರಿಸಿದ ಮೇಲೂ ಅದರಲ್ಲಿ ಹುಳಿ ಕುದಿಯುತ್ತಲೇ ಇರುತ್ತದೆ. ಇಂಡಕ್ಷನ್ ಒಲೆ ಮಾತ್ರ ಇರುವ ಮನೆಗೆ ಈ ಎರಡೂ ಒದಗುವುದಿಲ್ಲವೆಂಬುದನ್ನು ಕೊಳ್ಳುವ ಮೊದಲೇ ಯೋಚಿಸಬೇಕು.

ಪಾತ್ರೆಗಳೆಲ್ಲ ಮನೆಗೆ ಬಂದ ಮೇಲೆ, ಬಡಗಿಯನ್ನು ಕರೆಯುವ ಮೊದಲು, ನನ್ನ ಅತ್ತೆಯವರು ಕಲಿಸಿದ ಒಂದು ಕ್ರಮವನ್ನು ತಪ್ಪದೆ ಮಾಡಿ. 1981ರಲ್ಲಿ ಮೈಸೂರಿನ ನಮ್ಮ ಅಡುಗೆಮನೆಗೆ ಕಡಪ ಕಲ್ಲಿನ ಹಲಗೆಗಳನ್ನು ಕೂರಿಸಬೇಕಾಗಿತ್ತು. ಗೋಡೆ ಕೊರೆದು ಒಮ್ಮೆ ಕೂರಿಸಿದ ಕಲ್ಲನ್ನು ಮತ್ತೆ ಕದಲಿಸಲಾಗುವುದಿಲ್ಲ ಎಂಬ ಭಯದಿಂದ ಅವರು ನಡುಮನೆಯ ನೆಲದ ಮೇಲೆ ಸೀಮೆಸುಣ್ಣದಲ್ಲಿ ಇಡೀ ಕಪಾಟನ್ನು ಅದರ ನಿಜವಾದ ಉದ್ದ ಅಗಲಕ್ಕೇ ಬರೆಸಿದರು. ನೀವೂ ಹಾಗೆಯೇ ಮಾಡಬೇಕು. ಕೆಳಗಿನ ಕಪಾಟಿಗೆ ಎರಡು ಅಡಿ ಆಳ, ಮೇಲಿನದಕ್ಕೆ ಒಂದು ಅಡಿಗಿಂತ ತುಸು ಹೆಚ್ಚು ಆಳ ಇಟ್ಟುಕೊಂಡು ಗೆರೆ ಎಳೆಯಿರಿ. ಒಲೆ, ಸಿಂಕ್, ಸಿಲಿಂಡರ್ ಎಲ್ಲಿ ಬರುತ್ತವೆಯೋ ಅಲ್ಲಲ್ಲಿ ಗುರುತು ಹಾಕಿ. ಅನಂತರ ಪಾತ್ರೆಗಳನ್ನು ಮುಚ್ಚಳಸಮೇತ ಆ ಗೆರೆಗಳೊಳಗೆ ತಂದಿಟ್ಟು ಒಂದೊಂದರ ಸುತ್ತಲೂ ಗೆರೆ ಎಳೆಯಿರಿ, ಹಿಡಿಯ ಸುತ್ತ ಎಳೆಯುವುದನ್ನಂತೂ ಮರೆಯಲೇಬೇಡಿ. ಎಲ್ಲರೂ ತಪ್ಪುವುದು ಅಲ್ಲಿಯೇ: ಕುಕ್ಕರಿನ ಹೊಟ್ಟೆಯ ಅಳತೆ ಕೊಟ್ಟು ಬರುತ್ತಾರೆ, ಬಾಗಿಲು ಮುಚ್ಚುವಾಗ ಹಿಡಿ ಅಡ್ಡ ಬರುತ್ತದೆ.

ಹೀಗೆ ಇಟ್ಟ ಪಾತ್ರೆಗಳನ್ನು ಕೂಡಲೇ ಎತ್ತಬಾರದು. ಎರಡು ಮೂರು ದಿನ ಅಡುಗೆಗೆ ಅಲ್ಲಿಂದಲೇ ತೆಗೆದುಕೊಂಡು ಹೋಗಿ, ತೊಳೆದು ಒರೆಸಿ ಮತ್ತೆ ಅಲ್ಲಿಗೇ ತಂದಿಡಿ. ಕಾಲು ನೋಯುತ್ತದೆ, ಮನೆಯವರು ಎಡವುತ್ತೇವೆಂದು ಗೊಣಗುತ್ತಾರೆ, ಆದರೂ ಬಿಡಬೇಡಿ. ಎರಡನೆಯ ದಿನಕ್ಕೆ ನಿಮ್ಮ ಕೈಯೇ ಒಗ್ಗರಣೆ ಸೌಟನ್ನು ಒಲೆಯ ಕಡೆಗೆ, ದೊಡ್ಡ ಕುಕ್ಕರನ್ನು ಸಿಂಕಿನ ಕಡೆಗೆ ಸರಿಸಿರುತ್ತದೆ, ಚಕ್ಕುಲಿ ಒರಳು ಮುಟ್ಟದೆ ಮೂಲೆಯಲ್ಲೇ ಉಳಿದಿರುತ್ತದೆ. ಹಾಗೆ ಉಳಿದದ್ದನ್ನು ತಲೆಯ ಮೇಲಿನ ಅಟ್ಟಕ್ಕೆ ಬರೆದಿಟ್ಟುಕೊಳ್ಳಿ.

ಎತ್ತರಕ್ಕೆ ನೂಲು ಬೇಕು. ಉಣ್ಣೆಯ ದಾರ ಎಳೆದರೆ ಹಿಗ್ಗುತ್ತದೆ, ಆದ್ದರಿಂದ ಗೋಣಿಚೀಲ ಹೊಲಿಯುವ ದಾರವನ್ನೇ ತೆಗೆದುಕೊಳ್ಳಿ. ಒಂದೊಂದು ಖಾನೆಗೆ ಒಂದೊಂದು ತುಂಡು: ಆ ಖಾನೆಯ ಅತಿ ಎತ್ತರದ ಪಾತ್ರೆಯನ್ನು ಮುಚ್ಚಳ ಹಾಕಿ ನಿಲ್ಲಿಸಿ, ನೆಲದಿಂದ ಮುಚ್ಚಳದ ಗುಬುಟಿನವರೆಗೆ ನೂಲು ಹಿಡಿದು ಅಲ್ಲೊಂದು ಗಂಟು ಹಾಕಿ, ಅದರ ಮೇಲೆ ನಿಮ್ಮ ನಾಲ್ಕು ಬೆರಳನ್ನು ಅಡ್ಡ ಇಟ್ಟು ಇನ್ನೊಂದು ಗಂಟು ಹಾಕಿ. ಆ ನಾಲ್ಕು ಬೆರಳು ನಿಮ್ಮ ಕೈ ಒಳಗೆ ಹೋಗಿ ಪಾತ್ರೆಯನ್ನು ಎತ್ತುವ ಜಾಗ. ಅದನ್ನು ಬಿಡದೆ ಹಲಗೆ ಹೊಡೆಸಿದವರು ಪ್ರತಿದಿನ ಬೆರಳಿನ ಗೆಣ್ಣು ತರಚಿಕೊಳ್ಳುತ್ತಾರೆ. ನೂಲಿನ ತುದಿಯನ್ನು ಆಯಾ ಪಾತ್ರೆಯ ಹಿಡಿಗೆ ಕಟ್ಟಿಟ್ಟು, ಬಡಗಿ ಬಂದಾಗ ಅವನ ಕೈಯಿಂದಲೇ ಅಳೆಸಿ ಅವನ ಕಾಗದದ ಮೇಲೆ ಬರೆಸಿ. ನಮ್ಮ ಅತ್ತೆಯವರು ನೂಲುಗಳನ್ನು ಒಂದು ಡಬ್ಬಿಯಲ್ಲಿ ಹಾಕಿ ಇಟ್ಟಿದ್ದರು. ಇಪ್ಪತ್ತು ವರ್ಷದ ಮೇಲೆ ಕಲ್ಲಿಗೆ ಮರದ ಬಾಗಿಲು ಮಾಡಿಸಿದಾಗಲೂ ಅವೇ ಒದಗಿದವು.

ಕಟ್ಟೆಯ ಎತ್ತರಕ್ಕೆ ಅಳತೆಪಟ್ಟಿ ಬೇಡ. ಮನೆಯಲ್ಲಿ ಹೆಚ್ಚು ಅಡುಗೆ ಮಾಡುವವರು ನೆಟ್ಟಗೆ ನಿಂತು ಮೊಣಕೈ ಮಡಚಲಿ, ಅಲ್ಲಿಂದ ಅರ್ಧ ಗೇಣು ಕೆಳಗೆ ಕಟ್ಟೆ ಬರಲಿ.

ಹಲಗೆಯ ವಿಷಯದಲ್ಲಿ ಬಡಗಿಯ ಬಾಯಿಮಾತು ಸಾಲದು, ಪ್ಲೈವುಡ್ಡಿನ ಮೇಲಿನ ಮುದ್ರೆಯನ್ನು ನೀವೇ ಓದಿ. ಐಎಸ್ (ಭಾರತೀಯ ಮಾನಕ) 710 ಎಂದಿರುವುದು ನೀರನ್ನು ತಡೆಯುವ ಹಲಗೆ, ಸಿಂಕಿನ ಸುತ್ತಮುತ್ತ ಅದೇ ಬೇಕು. ಉಳಿದ ಕಡೆಗೆ ಐಎಸ್ 303ರಲ್ಲಿ ನೀರಿನ ಪಸೆ ತಾಳುವ ಜಾತಿಯದು ಸಾಕು. ಮರದ ಹೊಟ್ಟನ್ನು ಅಂಟಿನಲ್ಲಿ ಒತ್ತಿ ಮಾಡಿದ ಹಲಗೆಗಳು ಮೇಲೆ ಎಷ್ಟೇ ನಯವಾಗಿದ್ದರೂ, ಕೊಯ್ದ ಅಂಚಿನಿಂದ ನೀರು ಕುಡಿದು ನೆನೆದ ರೊಟ್ಟಿಯಂತೆ ಉಬ್ಬುತ್ತವೆ. ಕೊಳವೆಗೆಂದು ಕೊರೆದ ತೂತಿನ ಅಂಚನ್ನೂ ಮುಚ್ಚಿಸಬೇಕು, ಕಪಾಟಿನ ಅಡಿಗೆ ಅರ್ಧ ಗೇಣಿನ ಕಾಲು ಕೊಡಿಸಬೇಕು. ನೆಲ ಒರೆಸುವ ಬಟ್ಟೆಯನ್ನು ಹಿಂಡದೆ ನೀರು ಸುರಿಯುವಂತೆಯೇ ಎಳೆದಾಡುವುದು ಈಗ ಎಲ್ಲ ಮನೆಗಳಲ್ಲೂ ಅಭ್ಯಾಸವಾಗಿದೆ. ಬಟ್ಟೆಯನ್ನು ಗಟ್ಟಿಯಾಗಿ ಹಿಂಡಿ, ಗೋಡೆಯ ಕಡೆಯಿಂದ ಬಾಗಿಲ ಕಡೆಗೆ ಒರೆಸುತ್ತ ಹಿಂದೆ ಸರಿದರೆ ನೆಲವೂ ಬೇಗ ಒಣಗುತ್ತದೆ, ಕಪಾಟಿನ ಬುಡವೂ ಉಳಿಯುತ್ತದೆ.

ಭಾರದ ಪಾತ್ರೆಗಳಿಗೆ ಕೆಳಗೆ ಬಾಗಿಲಿನ ಕಪಾಟಿಗಿಂತ ಡ್ರಾಯರ್ ಒಳ್ಳೆಯದು, ಬಗ್ಗಿ ಕತ್ತಲೆಯಲ್ಲಿ ತಡಕಬೇಕಾಗಿಲ್ಲ. ಹಣ ಕೊಡುವ ಮೊದಲು ನಿಮ್ಮ ಕಲ್ಚಟ್ಟಿಯನ್ನೂ ನೀರು ತುಂಬಿದ ಕುಕ್ಕರನ್ನೂ ಅದರಲ್ಲಿಟ್ಟು ಪೂರ್ತಿ ಹೊರಗೆ ಎಳೆದು ನೋಡಿ. ಮುಂದಕ್ಕೆ ಬಾಗಿದರೆ ಹಳಿಯನ್ನು ಬದಲಾಯಿಸಿ ಎಂದು ಹೇಳಿ. 14.2 ಕೆಜಿಯ ಸಿಲಿಂಡರನ್ನು ಕಪಾಟಿನೊಳಗೆ ಇಡುವುದಾದರೆ ಗಾಳಿಕಿಂಡಿ ಬಾಗಿಲಿನ ಬುಡದಲ್ಲಿರಬೇಕು, ಏಕೆಂದರೆ ಅಡುಗೆ ಅನಿಲ ಗಾಳಿಗಿಂತ ಭಾರ, ಸೋರಿದರೆ ನೆಲದ ಮೇಲೇ ಹರಡಿ ನಿಲ್ಲುತ್ತದೆ. ಅಂದಕ್ಕೆಂದು ಮೇಲ್ಗಡೆ ಮಾತ್ರ ಕಿಂಡಿ ಕೊರೆಸಿದ ಮೂರು ಮನೆಗಳನ್ನು ನಾನೇ ನೋಡಿ, ಅಲ್ಲಿಯೇ ನಿಂತು ಬೇರೆ ಕೊರೆಸುವಂತೆ ಮಾಡಿದ್ದೇನೆ. ರೆಗ್ಯುಲೇಟರಿಗೆ ಕೈ ಸಲೀಸಾಗಿ ಎಟುಕಬೇಕು, ಸಿಲಿಂಡರ್ ನೆಟ್ಟಗೇ ನಿಲ್ಲಬೇಕು.

ಕೆಲಸ ಮುಗಿದ ದಿನವೇ ಸಾಮಾನು ತುಂಬುವ ಆತುರ ಬೇಡ. ಹೊಸ ಹಲಗೆಯ ಅಂಟಿನ ವಾಸನೆ ಕಾಫಿಪುಡಿಗೂ ಹುರಿಹಿಟ್ಟಿಗೂ ಬಹಳ ಬೇಗ ಹತ್ತುತ್ತದೆ, ಒಮ್ಮೆ ಹತ್ತಿದರೆ ಬಿಡುವುದಿಲ್ಲ. ಬಾಗಿಲು, ಡ್ರಾಯರ್ ಎಲ್ಲವನ್ನೂ ತೆರೆದು ಒಂದು ವಾರ ಗಾಳಿಯಾಡಲು ಬಿಡಿ, ಒಣಬಟ್ಟೆಯಲ್ಲಿ ಮೂಲೆಮೂಲೆಯ ಮರದ ಪುಡಿಯನ್ನು ತೆಗೆಯಿರಿ, ಆಮೇಲೆ ಮೊದಲು ಸ್ಟೀಲ್ ಪಾತ್ರೆಗಳನ್ನು ಇಡಿ, ಅಕ್ಕಿ ಬೇಳೆ ಹಿಟ್ಟುಗಳ ಡಬ್ಬಗಳನ್ನು ಮೂಗಿಗೆ ವಾಸನೆ ಬಾರದಾದ ಮೇಲೆ ಇಡಿ.