ಬೇಸಿಗೆ ಶಿಬಿರದ ಮೊದಲ ದಿನ ಗೇಟಿನ ಹತ್ತಿರ ನಿಲ್ಲಿ

ಬೇಸಿಗೆ ಶಿಬಿರ ನಡೆಸುವವರಿಗೆ ಒಂದು ಮಾತು. ಮೈಸೂರಿನ ರಂಗಾಯಣದ ಚಿಣ್ಣರ ಮೇಳದಂಥ ದೊಡ್ಡ ಶಿಬಿರಗಳ ಕಥೆ ಬೇರೆ. ನಾನು ಹೇಳುತ್ತಿರುವುದು 30-40 ಮಕ್ಕಳ ಬಡಾವಣೆ ಶಿಬಿರದ್ದು.

ಮೊದಲ ದಿನ ವೇದಿಕೆ, ಹಾರ, ಭಾಷಣ ಬೇಡ. ನಿರ್ದೇಶಕರು ಅರ್ಧ ಗಂಟೆ ಮುಂಚೆ ಬಂದು ಗೇಟಿನ ಹತ್ತಿರ ನಿಲ್ಲಲಿ. ಬಗ್ಗಿ ಮೊದಲು ಮಗುವಿನ ಹೆಸರು ಕೇಳಲಿ, ಆಮೇಲೆ ಅಪ್ಪ ಅಮ್ಮನನ್ನು ಮಾತಾಡಿಸಲಿ. ಒಂದು ವರ್ಷ ನಮ್ಮಲ್ಲಿ ಮುಕ್ಕಾಲು ಗಂಟೆ ಭಾಷಣ ಆಯ್ತು. ಹಿಂದಿನ ಸಾಲಿನ ಪುಟಾಣಿಯೊಬ್ಬಳು ಚಪ್ಪಲಿ ಬಿಚ್ಚಿ, ಅದರಲ್ಲಿ ಮಣ್ಣು ತುಂಬಿಸಿ ಲಾರಿ ಓಡಿಸುತ್ತಿದ್ದಳು. ಅವಳೇ ಜಾಣೆ ಅನ್ನಿಸಿತು!

ಸಂಜೆ ಮಗುವನ್ನು ಯಾರು ಕರೆದುಕೊಂಡು ಹೋಗುತ್ತಾರೆ, ಅಜ್ಜನೋ ಆಟೋದವರೋ, ಹೆಸರು ಮತ್ತು ಫೋನ್ ನಂಬರ್ ಅಲ್ಲೇ ಬರೆದುಕೊಳ್ಳಿ. ಕಡಲೆಕಾಯಿ, ಮೊಟ್ಟೆ ಆಗಲ್ವಾ ಅಂತ ಬಾಯಿಬಿಟ್ಟು ಕೇಳಿ. ಫಾರಂನಲ್ಲಿ ಆ ಜಾಗವನ್ನು ಜಾಸ್ತಿ ಜನ ಖಾಲಿ ಬಿಡುತ್ತಾರೆ. ಹೆಸರಿನ ಚೀಟಿಗೆ ಪಿನ್ ಬೇಡ, ಚುಚ್ಚುತ್ತೆ. ಅಂಟಿಸುವ ಸ್ಟಿಕ್ಕರ್ ಸಾಕು.

ಒಂದೆರಡು ಮಕ್ಕಳು ಅತ್ತೇ ಅಳುತ್ತವೆ. ಆಟ ತೋರಿಸಿ ಅಮ್ಮನನ್ನು ಕದ್ದು ಕಳಿಸಬೇಡಿ, ಮರುದಿನ ಮಗು ಸೆರಗೇ ಬಿಡಲ್ಲ. "ಊಟದ ಹೊತ್ತಿಗೆ ಬರ್ತೀನಿ ಕಂದಾ" ಅಂತ ಹೇಳಿಯೇ ಹೋಗಲಿ. ಹೇಳಿದ ಹೊತ್ತಿಗೆ ಬರಲೇಬೇಕು, ಅದನ್ನೂ ಅವರಿಗೆ ಹೇಳಿಬಿಡಿ.