ಐದು ಕಾಗದದ ಚೂರಿನಲ್ಲಿ ಕಾರವಾರದ ಕಡಲು

ಅಮೂರ್ತ ಚಿತ್ರ ಅಂದರೆ ಬಣ್ಣ ಚೆಲ್ಲಿ ಹೆಸರಿಡುವುದು ಎಂದು ನಗುವವರು ಒಮ್ಮೆ ಕಾಗದದ ಚೂರು ಅಂಟಿಸಿ ಅಂಥದೊಂದು ಚಿತ್ರ ಮಾಡಿ ನೋಡಬೇಕು. ಒಂದು ಡ್ರಾಯಿಂಗ್ ಶೀಟ್, ನಾಲ್ಕು ಬಣ್ಣದ ಕಾಗದ, ಕತ್ತರಿ, ಅಂಟು, ಹಳೆಯದೊಂದು ಬಳೆ ಸಾಕು. ಚಿತ್ರ ಬರೆಯಲು ಬಾರದಿದ್ದರೆ ಇನ್ನೂ ಒಳ್ಳೆಯದು.

ಮೊದಲು, ಸಂಜೆ ಐದೂವರೆಗೆ ಕಾರವಾರದ ಟ್ಯಾಗೋರ್ ಕಡಲತೀರಕ್ಕೆ ಹೋಗಿ ಮರಳಲ್ಲಿ ಕೂತು ಕಣ್ಣು ಅರ್ಧ ಮುಚ್ಚಿ. ಅಲೆ, ಗಾಳಿಮರ, ಜನ ಎಲ್ಲ ಮಸುಕಾಗಿ ಆಕಾರ ಮಾತ್ರ ಉಳಿಯುತ್ತದೆ. ಸೂರ್ಯ ಒಂದು ವೃತ್ತ. ಬಾನು ಕಡಲು ಸೇರುವಲ್ಲಿ ಒಂದು ಗೆರೆ. ಕಾಳಿ ನದಿಯಾಚೆಯ ಸದಾಶಿವಗಡದ ಗುಡ್ಡ ತ್ರಿಕೋನ. ದಡಕ್ಕೆ ಎಳೆದಿಟ್ಟ ದೋಣಿ ಅರ್ಧವೃತ್ತ, ಮೀನಿನ ಐಸ್ ಪೆಟ್ಟಿಗೆ ಚೌಕ. ಐದಕ್ಕೆ ನಿಲ್ಲಿಸಿ. ತೆಂಗಿನ ಮರ ಬಿಡಲು ಮನಸ್ಸಾಗುವುದಿಲ್ಲ ಅಲ್ವಾ? ಬಿಡಿ. ನಿಸರ್ಗವನ್ನು ಸಿಲಿಂಡರ್, ಗೋಳ, ಶಂಕುವಾಗಿ ನೋಡಬೇಕೆಂದು ಫ್ರಾನ್ಸಿನ ಚಿತ್ರಕಾರ ಸೆಜಾನ್ 1904ರಲ್ಲೇ ಪತ್ರದಲ್ಲಿ ಬರೆದಿದ್ದರು.

ಮನೆಗೆ ಬಂದು ಆ ಐದು ಆಕಾರಗಳನ್ನು ಬಣ್ಣದ ಕಾಗದದಲ್ಲಿ ಕತ್ತರಿಸಿ. ವೃತ್ತಕ್ಕೆ ಬಳೆ ಸಾಕು, ಕೈವಾರ ಇದ್ದರೆ ಇನ್ನೂ ಸರಿ. ನಮ್ಮ ಕರಾವಳಿಯ ದೇವಸ್ಥಾನಗಳ ಗೋಡೆಯಲ್ಲಿ ಕಾವಿ ಕಲೆಯ ವೃತ್ತಗಳು ಮೂಡಿದ್ದೂ ಕೈವಾರದಿಂದಲೇ. ಬಿಳಿ ಸುಣ್ಣದ ಗಾರೆಯ ಮೇಲೆ ಕೆಮ್ಮಣ್ಣಿನ ಬಣ್ಣ ಬಳಿದು, ಹಸಿಯಿರುವಾಗಲೇ ಗೆರೆ ಕೊರೆದು, ಬೇಡದ ಕೆಂಪನ್ನು ಕೆರೆಯುತ್ತಿದ್ದರು. ಒಳಗಿನ ಬಿಳಿಯೇ ಹೂವಾಗಿ ಕಾಣುತ್ತಿತ್ತು. ಘಟ್ಟ ಹತ್ತಿದರೆ ಶಿರಸಿ, ಸಿದ್ದಾಪುರ ಕಡೆ ದೀವರ ಸಮುದಾಯದ ಹೆಂಗಸರು ಮನೆಗೋಡೆಯ ಮೇಲೆ ಪುಂಡಿನಾರಿನ ಕುಂಚದಿಂದ ಬರೆಯುವ ಹಸೆ ಚಿತ್ತಾರವೂ ಗೆರೆ, ತ್ರಿಕೋನ, ಚೌಕಗಳ ಆಟವೇ.

ಈಗ ನಿಜವಾದ ಕೆಲಸ. ಅಂಟು ಮುಟ್ಟಬೇಡಿ. ಚೂರುಗಳನ್ನು ಹಾಳೆಯ ಮೇಲೆ ಸುಮ್ನೆ ಸರಿಸುತ್ತಿರಿ. ವೃತ್ತ ನಟ್ಟನಡುವೆ ಇದ್ದರೆ ತೆಪ್ಪಗೆ ಕೂತಿರುತ್ತದೆ, ಅಂಚಿಗೆ ತಂದರೆ ಹೊರಟು ನಿಂತ ಹಾಗೆ ಕಾಣುತ್ತದೆ. ತ್ರಿಕೋನವನ್ನು ತುದಿಯ ಮೇಲೆ ನಿಲ್ಲಿಸಿ, ಬಿದ್ದೀತೆಂದು ನಿಮಗೇ ಭಯ. ಗೆರೆ ಅಡ್ಡಲಾಗಿದ್ದರೆ ಬೇಸಿಗೆಯ ಕಡಲು, ಓರೆ ಮಾಡಿದರೆ ಆಷಾಢದ್ದು. ಮೊದಲ ಸಲ ನಾನು ಎಲ್ಲವನ್ನೂ ಸ್ಕೇಲ್ ಹಿಡಿದು ಅಳೆದು ನಡುವಿಗೇ ಇಟ್ಟಿದ್ದೆ. ಪಕ್ಕದ ಮನೆಯ ಹುಡುಗಿ ಬಂದು, "ಮಾವ, ಇದು ಯಾವ ಪಕ್ಷದ ಬಾವುಟ?" ಅಂದಳು. ವೃತ್ತವನ್ನು ಎರಡು ಬೆರಳು ಬಲಕ್ಕೆ ಸರಿಸಿದೆ. ದೋಣಿಯ ಮೂತಿ ಗೆರೆ ದಾಟುವಂತೆ ಇಟ್ಟೆ. ಆಮೇಲೆ ಅವಳು ಬಾವುಟ ಅನ್ನಲಿಲ್ಲ.

ಬಣ್ಣದ ಬಗ್ಗೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ತ್ರಿಕೋನ ಹಳದಿ, ಚೌಕ ಕೆಂಪು, ವೃತ್ತ ನೀಲಿ ಎಂದು ರಷ್ಯಾದ ಅಮೂರ್ತ ಚಿತ್ರಕಾರ ಕಾಂಡಿನ್‌ಸ್ಕಿ ಜೋಡಿ ಮಾಡಿದ್ದರು. 1923ರಲ್ಲಿ ಜರ್ಮನಿಯ ಬೌಹೌಸ್ ಕಲಾಶಾಲೆಯಲ್ಲಿ ಪ್ರಶ್ನೆಪತ್ರಿಕೆ ಹಂಚಿ ಉಳಿದವರನ್ನೂ ಕೇಳಿದ್ದರು. ಆ ಜೋಡಿ ಸರಿಯೆಂದು ನನಗೇನೂ ಅನ್ನಿಸುವುದಿಲ್ಲ. ಆದರೆ ಸೂರ್ಯನನ್ನು ನೀಲಿ ಮಾಡಿ ನೋಡಿ. ಯಾರೂ ಸೂರ್ಯ ಅನ್ನುವುದಿಲ್ಲ. ನಮಗೆ ಬೇಕಾದದ್ದೂ ಅದೇ.

ಅಂಟಿಸುವ ಮೊದಲು ಹಾಳೆಯನ್ನು ಅಡ್ಡ ತಿರುಗಿಸಿ. ಒಂದು ಸಂಜೆ ಕಾಂಡಿನ್‌ಸ್ಕಿ ಕೋಣೆಗೆ ಬಂದಾಗ ಅವರದೇ ಚಿತ್ರ ಅಡ್ಡಲಾಗಿ ಗೋಡೆಗೊರಗಿತ್ತು. ಯಾವುದೆಂದು ತಿಳಿಯದೆ ಅದರ ಚೆಲುವಿಗೆ ಬೆರಗಾದೆ ಎಂದು ಅವರೇ ಬರೆದಿದ್ದಾರೆ. ಅಡ್ಡ ತಿರುಗಿಸಿದಾಗಲೂ ಚೂರುಗಳು ಒಂದನ್ನೊಂದು ಹಿಡಿದುಕೊಂಡಂತೆ ಕಂಡರೆ ಅಂಟಿಸಿ. ಇಲ್ಲವಾದರೆ ಮತ್ತೆ ಸರಿಸಿ.

ಅಂಟು ತೆಳುವಾಗಿರಲಿ. ರಾತ್ರಿಯಿಡೀ ದಪ್ಪ ಪುಸ್ತಕದಡಿ ಇಡಿ. ಮಳೆಗಾಲವಾದರೆ ಎರಡು ರಾತ್ರಿ ಬೇಕು, ನಮ್ಮ ಕಡಲಗಾಳಿಗೆ ಕಾಗದದ ಮೂಲೆ ಬೇಗ ಮುದುರುತ್ತದೆ.