ತರಗುಬೆಂಕಿಯ ಪಾಠ

ಪದವಿ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುವ ನಾನು ಹಲವು ವರ್ಷ ಪರಿಸರ ವಿಜ್ಞಾನವನ್ನು ಇಂಗ್ಲಿಷ್ ಪಠ್ಯದಲ್ಲಿದ್ದಂತೆಯೇ ಬೋಧಿಸಿದೆ. ಲಂಟಾನ ಅಮೆರಿಕ ಖಂಡದಿಂದ ಬಂದ ಕಳೆ, ಬೆಂಕಿ ಕಾಡಿನ ಶತ್ರು ಎಂಬ ಎರಡು ಮಾತು ನನ್ನ ನಾಲಗೆಯ ತುದಿಯಲ್ಲೇ ಇರುತ್ತಿದ್ದವು. ಇವೆರಡರ ನಡುವಿನ ನಂಟನ್ನು ಬಿಳಿಗಿರಿರಂಗನ ಬೆಟ್ಟದ ಸೋಲಿಗ ಬುಡಕಟ್ಟಿನವರು ಬಹು ಹಿಂದೆಯೇ ಅರಿತಿದ್ದರೆಂಬುದು ನನಗೆ ಗೊತ್ತಿರಲಿಲ್ಲ.

ಮೊದಲ ಸಲ ವಿದ್ಯಾರ್ಥಿಗಳನ್ನು ಪೋಡಿಗೆ, ಅಂದರೆ ಸೋಲಿಗರ ಹಾಡಿಗೆ, ಕರೆದೊಯ್ದಾಗ ದೊಡ್ಡ ತಪ್ಪು ಮಾಡಿದೆ. ವಿದೇಶಿ ಸಮೀಕ್ಷೆಯ ಮಾದರಿಯಲ್ಲಿ ಪ್ರಶ್ನಾವಳಿ ತಯಾರಿಸಿ ಅವರ ಕೈಗೆ ಕೊಟ್ಟಿದ್ದೆ. ಜಮೀನು ಎಷ್ಟು ಎಕರೆ, ವಾರ್ಷಿಕ ಆದಾಯ ಎಷ್ಟು ಎಂದು ಕೇಳುತ್ತಾ ಹೋದಂತೆ ಹಿರಿಯರೊಬ್ಬರು ನಾಲ್ಕನೆಯ ಪ್ರಶ್ನೆಗೆ ಸುಮ್ಮನೆ ಎದ್ದು ಹೋದರು. ಕುಲಕ್ಕೊಂದು ಯಲ್ಲೆ ಎಂಬ ಕಾಡಿನ ಸರಹದ್ದು, ಅದರೊಳಗೆ ದೇವರು, ಮಾರಮ್ಮ, ವೀರು, ಕಲ್ಲುಗುಡಿ, ಅಬ್ಬಿ ಎಂಬ ಪವಿತ್ರ ತಾಣಗಳು ಎಂದು ನೆಲವನ್ನು ಅರಿಯುವವರಿಗೆ ನಮ್ಮ ಹಾಳೆಯಲ್ಲಿ ಜಾಗವೇ ಇರಲಿಲ್ಲ.

ಮರುವರ್ಷ ಹಾಳೆ ಒಯ್ಯಲಿಲ್ಲ. ಅದೇ ಹಿರಿಯರಲ್ಲಿ ಪಾಠ ಹೇಳಿಕೊಡುವಿರಾ ಎಂದು ಕೇಳಿಕೊಂಡೆವು. ಅವರು ಮುಂದೆ ನಡೆದರು, ನಾವು ಹಿಂದೆ. ನೆಲ್ಲಿಮರವೊಂದರ ಕೊಂಬೆಯನ್ನು ಬಗ್ಗಿಸಿ, ಅದಕ್ಕೆ ಹತ್ತಿದ್ದ ಉಪ್ಪಿಲು ಎಂಬ ಬಂದಳಿಕೆಯನ್ನು ಕುಡುಗೋಲಿನಿಂದ ಸೀಳಿ, ಅದರ ಬುಡ ಮರದ ಕಟ್ಟಿಗೆಯೊಳಗೆ ಎಷ್ಟು ಆಳ ಇಳಿದಿದೆಯೆಂದು ವಿದ್ಯಾರ್ಥಿಗಳಿಂದ ಮುಟ್ಟಿಸಿದರು. ಬೇಸಿಗೆ ಬಲಿಯುವ ಮುನ್ನ ಒಣಗಿದ ಎಲೆಗಷ್ಟೇ ಹಚ್ಚುತ್ತಿದ್ದ ತರಗುಬೆಂಕಿ ನಿಂತ ಮೇಲೆ ಉಪ್ಪಿಲೂ ಲಂಟಾನವೂ ಹೆಚ್ಚಿದವು ಎಂದರು. ಉಪ್ಪಿಲಿನ ಬಗೆಗಿನ ಈ ತಿಳಿವಳಿಕೆಯನ್ನು ಪರಿಶೀಲಿಸಿದ ಸಂಶೋಧನಾ ಪ್ರಬಂಧ 2010ರಲ್ಲಿ ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ. ಅದನ್ನು ನಾನು ಈಗ ಕಾಡಿನ ನಡಿಗೆ ಮುಗಿದ ಮೇಲೆಯೇ ಓದಿಸುತ್ತೇನೆ; ಮೊದಲೇ ಓದಿಸಿದರೆ ವಿದ್ಯಾರ್ಥಿಗಳು ಹಿರಿಯರ ಮಾತನ್ನು ಪ್ರಬಂಧಕ್ಕೆ ಸಾಕ್ಷ್ಯವೆಂದಷ್ಟೇ ಕೇಳಿಸಿಕೊಳ್ಳುತ್ತಾರೆ.

ಪಾಠ ಹೇಳಿದ ಆ ಹಿರಿಯರ ಗೌರವಧನದ ಬಿಲ್ಲು ಎರಡು ಸಲ ವಾಪಸ್ ಬಂತು, ಪದವಿ ಪ್ರಮಾಣಪತ್ರ ಲಗತ್ತಿಸಿಲ್ಲವೆಂಬ ಷರಾದೊಂದಿಗೆ. ಅದು ನನ್ನನ್ನು ಇಂದಿಗೂ ನೋಯಿಸುತ್ತದೆ. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮಗಳ ಪ್ರಕಾರ ವಿದೇಶಿ ವಿಶ್ವವಿದ್ಯಾಲಯಗಳು ನಮ್ಮಲ್ಲೇ ಕ್ಯಾಂಪಸ್ ತೆರೆಯಬಹುದು. ಬರಲಿ, ಅವುಗಳಿಂದ ಕಲಿಯುವುದು ಬಹಳವಿದೆ. ಆದರೆ ಕಡಲಾಚೆಯಿಂದ ಬಂದವರು ಗುರುಗಳು, ಬೆಟ್ಟದ ಮೇಲಿರುವವರು ಮಾಹಿತಿದಾರರು ಎಂಬ ಲೆಕ್ಕವನ್ನು ನಾನು ಒಪ್ಪಲಾರೆ. ಈ ಜನರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ. ಕಾಡಿನ ಪಾಠ ಹೇಳುವ ಹಕ್ಕನ್ನು ಕೊಡಲು ನಮ್ಮ ಕಾಲೇಜುಗಳು ಇನ್ನೂ ಹಿಂಜರಿಯುತ್ತಿವೆ.

ಈಗ ವಿದ್ಯಾರ್ಥಿಗಳ ವರದಿಯನ್ನು ಅಂಕ ಕೊಡುವ ಮುನ್ನ ಪೋಡಿನಲ್ಲಿ ಕನ್ನಡದಲ್ಲಿ ಓದುತ್ತೇವೆ. ಕಳೆದ ಸಲ ಹೆಣ್ಣುಮಗಳೊಬ್ಬರು ನಡುವೆ ತಡೆದು, ನೆಲ್ಲಿ ಕೀಳುವಾಗ ಕೊಂಬೆ ಕಡಿಯುತ್ತೇವೆಂದು ಬರೆದವರು ಯಾರು ಎಂದು ಕೇಳಿದರು. ಬರೆದ ಹುಡುಗ ಎದ್ದು ನಿಂತ. ಅವರು ಅವನನ್ನು ಮರದ ಬಳಿಗೆ ಕರೆದೊಯ್ದರು.